ಬೋಲ್ಟನ್ ಅನುಪಾತ: ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಅಳತೆ ಕೂಡುತ್ತದೆಯೇ?

ಹಲ್ಲಿಗೆ ಕ್ಲಿಪ್ ಹಾಕಿಸಿ ಎರಡು ವರ್ಷ ಕಳೆದರೂ ಕೆಲವರ ಮೇಲಿನ ಮುಂಬಲ್ಲುಗಳ ಸಂದು ಮುಚ್ಚುವುದೇ ಇಲ್ಲ. ತಂತಿಯನ್ನು ದೂರಿ ಪ್ರಯೋಜನವಿಲ್ಲ. ಕೆಳಸಾಲಿನ ಅಗಲಕ್ಕೆ ತಕ್ಕಷ್ಟು ಅಗಲ ಮೇಲ್ಸಾಲಿನ ಹಲ್ಲುಗಳಿಗೆ ಇಲ್ಲದಿದ್ದರೆ ಎಷ್ಟು ಎಳೆದರೂ ಅಷ್ಟೇ. ಈ ವ್ಯತ್ಯಾಸವನ್ನು ಚಿಕಿತ್ಸೆಗೆ ಮೊದಲೇ ಹಿಡಿಯುವ ಲೆಕ್ಕವೇ ಬೋಲ್ಟನ್ ಅನುಪಾತ. ಅಮೆರಿಕದ ದಂತವೈದ್ಯ ವೇಯ್ನ್ ಬೋಲ್ಟನ್ ಇದನ್ನು 1958ರಲ್ಲಿ ಪ್ರಕಟಿಸಿದರು. ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿ, ಬಹಳ ಚೆನ್ನಾಗಿದ್ದ 55 ಜೊತೆ ಹಲ್ಲಿನ ಅಚ್ಚುಗಳನ್ನು ಅವರು ಅಳೆದಿದ್ದರು.

ಪ್ರತಿ ಹಲ್ಲಿನ ಅಗಲವನ್ನು, ಅಂದರೆ ಪಕ್ಕದ ಹಲ್ಲುಗಳಿಗೆ ತಾಗುವ ಎರಡು ಬಿಂದುಗಳ ನಡುವಿನ ಅಂತರವನ್ನು, ಅಳೆಯಬೇಕು. ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ ಕೆಳಗಿನ ಆರರ ಮೊತ್ತವನ್ನು ಮೇಲಿನ ಆರರ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದು ಮುಂಭಾಗದ ಅನುಪಾತ. ಇದರ ಸರಾಸರಿ 77.2. ಮೊದಲ ದವಡೆಹಲ್ಲುಗಳವರೆಗೆ ಪ್ರತಿ ಸಾಲಿನ ಹನ್ನೆರಡೂ ಹಲ್ಲು ಸೇರಿಸಿದರೆ ಸರಾಸರಿ 91.3.

ಒಂದು ಲೆಕ್ಕ ನೋಡೋಣ. ಮೇಲಿನ ಆರು ಹಲ್ಲು ಸೇರಿ 43.8 ಮಿ.ಮೀ., ಕೆಳಗಿನ ಆರು 36.2 ಮಿ.ಮೀ. ಇವೆ ಎನ್ನಿ. ಅನುಪಾತ 82.6, ಸರಾಸರಿ 77.2ಕ್ಕಿಂತ ಹೆಚ್ಚು. ಕೆಳಗೆ 2.4 ಮಿ.ಮೀ. ಹೆಚ್ಚಾಗಿದೆ ಎನ್ನಬಹುದು, ಮೇಲೆ 3.1 ಮಿ.ಮೀ. ಕಡಿಮೆಯಿದೆ ಎಂದರೂ ಸರಿಯೇ. ಯಾವ ಸಾಲಿನದು ತಪ್ಪು ಎಂಬುದನ್ನು ಅನುಪಾತ ಹೇಳುವುದಿಲ್ಲ, ವೈದ್ಯರೇ ಬಿಡಿ ಹಲ್ಲುಗಳನ್ನು ನೋಡಬೇಕು. ಇಲ್ಲಿ ನಡುವಿನ ಎರಡು ಹಲ್ಲುಗಳ ಆಚೀಚೆ ಇರುವ ಪಕ್ಕದ ಬಾಚಿಹಲ್ಲು ಮೇಲೆ ತಲಾ 5.6 ಮಿ.ಮೀ., ಕೆಳಗೆ ತಲಾ 5.9. ಮೇಲಿನದು ಕೆಳಗಿನದಕ್ಕಿಂತ ಅಗಲವಿರಬೇಕಿತ್ತು. ಹಾಗಾಗಿ ಮೇಲಿನ ಆ ಎರಡು ಪುಟ್ಟ ಹಲ್ಲುಗಳಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಕಟ್ಟಿ ತಲಾ ಒಂದೂವರೆ ಮಿ.ಮೀ. ಅಗಲಿಸುವುದೇ ಸರಿ. ಕೆಳಗಿನ ಹಲ್ಲುಗಳ ಪಕ್ಕಗಳನ್ನು ಉಜ್ಜಿ 2.4 ಮಿ.ಮೀ. ತೆಗೆಯಲು ಹೊರಟರೆ ಐದೂ ಸಂದುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಿ.ಮೀ. ಹೋಗುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್ ತಡೆಯುವ ಗಡಿಯೇ ಅದು.

ಈಗ ಬಾಯಿಯೊಳಗಿನ ಸ್ಕ್ಯಾನರ್‌ನಿಂದ ಬಂದ ಮೂರು ಆಯಾಮದ ಮಾದರಿಯನ್ನು ಸಾಫ್ಟ್‌ವೇರೇ ಅಳೆದುಕೊಡುತ್ತದೆ. ಅಲ್ಜಿನೇಟ್ ಎಂಬ ಮೆತ್ತನೆಯ ವಸ್ತುವಿನಲ್ಲಿ ತೆಗೆದ ಹಲ್ಲಿನ ಪಡಿಯಚ್ಚು ಒಣಗಿ ಕುಗ್ಗುವ, ಪ್ಲಾಸ್ಟರ್ ಅಚ್ಚಿನ ಹಲ್ಲು ಮುರಿಯುವ ತಾಪತ್ರಯ ಇಲ್ಲ. ಆದರೆ ಪರದೆಯ ಮೇಲೆ ಎರಡು ದಶಮಾಂಶ ಕಂಡ ಮಾತ್ರಕ್ಕೆ ಅಳತೆ ನಿಖರ ಎಂದುಕೊಳ್ಳಬಾರದು. ಒತ್ತೊತ್ತಾಗಿ ಬೆಳೆದ ಹಲ್ಲುಗಳ ಸಂದಿಗೆ ಸ್ಕ್ಯಾನರ್‌ನ ಬೆಳಕು ಇಳಿಯುವುದಿಲ್ಲ. ಅಲ್ಲಿನ ಮೇಲ್ಮೈಯನ್ನು ಸಾಫ್ಟ್‌ವೇರ್ ತಾನೇ ಊಹಿಸಿ ತುಂಬುತ್ತದೆ. ಜೊಲ್ಲು ನಿಂತಿದ್ದರೂ ಅಂಚು ಉಬ್ಬಿ ಕಾಣುತ್ತದೆ. ತಿರುಚಿದ ಹಲ್ಲಿನಲ್ಲಿ ಬಿಂದುಗಳನ್ನು ಆ ಹಲ್ಲಿನದೇ ಅಗಲಕ್ಕೆ ಇಡದೆ ಸಾಲಿನ ದಿಕ್ಕಿಗೆ ಇಟ್ಟರೆ ಸಂಖ್ಯೆ ಕೆಡುತ್ತದೆ. ಪ್ರತಿ ಹಲ್ಲಿಗೆ 0.1 ಮಿ.ಮೀ. ಒಂದೇ ಕಡೆಗೆ ತಪ್ಪಿದರೂ ಹನ್ನೆರಡಕ್ಕೆ 1.2 ಆಯಿತು. ಗಮನಿಸಲೇಬೇಕಾದ ವ್ಯತ್ಯಾಸ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಎನ್ನುವಾಗ ಇದು ಸಣ್ಣ ತಪ್ಪಲ್ಲ. ಆದ್ದರಿಂದ ಸ್ವಯಂಚಾಲಿತವಾಗಿ ಬಿದ್ದ ಬಿಂದುಗಳನ್ನು ಮಾದರಿ ತಿರುಗಿಸಿ, ಕಚ್ಚುವ ಕಡೆಯಿಂದಲೂ ಮುಂದಿನಿಂದಲೂ ನೋಡಿ, ಕೈಯಾರೆ ಸರಿಸಬೇಕು.

ಹಲ್ಲಿನ ಓರೆಯಾಗಲಿ ಅಂಚಿನ ದಪ್ಪವಾಗಲಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಗಡಿಯಲ್ಲಿರುವ ಕೇಸುಗಳಲ್ಲಿ ಉಜ್ಜುವ ಮೊದಲು ಅದೇ ಮಾದರಿಯ ಹಲ್ಲುಗಳನ್ನು ಪರದೆಯ ಮೇಲೆ ಜೋಡಿಸಿ, ಸಂದು ಎಲ್ಲಿ, ಎಷ್ಟು ಉಳಿಯುತ್ತದೆ ನೋಡುವುದು ಇದಕ್ಕೇ.