ಎಕ್ಸೆಲ್‌ಗೆ ಇಳಿದ ಕಬ್ಬಿನ ಲೆಕ್ಕ

ಕಳೆದ ಹಂಗಾಮು ಮುಗಿಯುವ ಹೊತ್ತಿಗೆ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ಬೆಳಗಾವಿಯ ನನ್ನ ಕಚೇರಿಗೆ ಫೋನ್ ಬಂತು. "ಮೇಡಂ, ನಿಮ್ಮ ಡ್ಯಾಶ್‌ಬೋರ್ಡಿಗೂ ನಾವು ಇಳಿಸಿಕೊಂಡ ಶೀಟಿಗೂ ತಾಳೆಯಾಗುತ್ತಿಲ್ಲ. ಯಾವುದನ್ನು ನಂಬಬೇಕು?"

ಆ ಡ್ಯಾಶ್‌ಬೋರ್ಡು, ಅಂದರೆ ಕಾರ್ಖಾನೆಯ ಲೆಕ್ಕವನ್ನು ಪರದೆಯ ಮೇಲೆ ಚಿತ್ರಗಳಲ್ಲಿ ತೋರಿಸುವ ವರದಿ, ಮೈಕ್ರೋಸಾಫ್ಟ್‌ನ ಪವರ್ ಬಿಐ ತಂತ್ರಾಂಶದಲ್ಲಿ ನಾನೇ ಕಟ್ಟಿಕೊಟ್ಟದ್ದು. ಹೆದರಿಕೆಯಾಗದೆ ಇರಲಿಲ್ಲ. ಕಡತ ತರಿಸಿಕೊಂಡು ನೇರ ಕೊನೆಯ ಸಾಲಿಗೆ ಹೋದೆ. ತಲೆಬರಹ ಬಿಟ್ಟು ಸರಿಯಾಗಿ 30,000 ಸಾಲುಗಳು. ಇಷ್ಟು ದುಂಡಗಿನ ಸಂಖ್ಯೆ ಕಂಡರೆ ಅನುಮಾನ ಪಡಲೇಬೇಕು. ಡ್ಯಾಶ್‌ಬೋರ್ಡಿನ ಚಿತ್ರವೊಂದರಿಂದ (ಕೋಷ್ಟಕ, ಕಂಬಚಿತ್ರ ಇತ್ಯಾದಿ) ದತ್ತಾಂಶವನ್ನು ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕಡತವಾಗಿ ಇಳಿಸಿಕೊಂಡರೆ ಪವರ್ ಬಿಐ ಕೊಡುವುದೇ ಗರಿಷ್ಠ 30,000 ಸಾಲು. ಎಕ್ಸೆಲ್ ಕಡತವಾದರೆ 1,50,000. ಆ ಕಾರ್ಖಾನೆಗೆ ದಿನಕ್ಕೆ ಸುಮಾರು 300 ಗಾಡಿ ಕಬ್ಬು ಬರುತ್ತದೆ, ಗಾಡಿಗೊಂದು ತೂಕದ ಚೀಟಿ. ನೂರು ದಿನಕ್ಕೆ ಮಿತಿ ತುಂಬಿತು. ಪಟ್ಟಿ ದಿನಾಂಕದ ಪ್ರಕಾರ ಜೋಡಣೆಯಾಗಿದ್ದರಿಂದ, ಹಂಗಾಮಿನ ಕೊನೆಗೆ ಕಬ್ಬು ಸಾಗಿಸಿದ ರೈತರು ಶೀಟಿನಲ್ಲಿ ಇರಲೇ ಇಲ್ಲ.

ಇದು ಕಣ್ಣಿಗೆ ಕಾಣುವ ತಪ್ಪು. ಸಕ್ಕರೆ ಇಳುವರಿಯ ಸರಾಸರಿಯಲ್ಲಿದ್ದ ತಪ್ಪು ಕಾಣುವಂಥದ್ದಲ್ಲ, ನನಗೆ ಹೆಚ್ಚು ಭಯ ಹುಟ್ಟಿಸಿದ್ದೂ ಅದೇ. ದಿನವಾರು ಚಿತ್ರದಿಂದ ಸಾರಾಂಶ ಇಳಿಸಿಕೊಂಡ ಗುಮಾಸ್ತರು ಇಳುವರಿಯ ಕಾಲಂ ಕೆಳಗೆ ಎವರೇಜ್ ಸೂತ್ರ ಹಾಕಿದ್ದರು. ಒಂದು ದಿನ 5,000 ಟನ್ ನುರಿಸಿ ಶೇ 10 ಇಳುವರಿ, ಇನ್ನೊಂದು ದಿನ 1,000 ಟನ್ ನುರಿಸಿ ಶೇ 11 ಇಳುವರಿ ಬಂತು ಎನ್ನಿ. ಎಕ್ಸೆಲ್ ಎರಡನ್ನೂ ಸಮಾನವೆಂದು ತಿಳಿದು 10.5 ಎನ್ನುತ್ತದೆ. ಆದರೆ ಬಂದ ಸಕ್ಕರೆ 500 ಮತ್ತು 110, ಒಟ್ಟು 610 ಟನ್. 6,000 ಟನ್ ಕಬ್ಬಿಗೆ ಅದು ಶೇ 10.17. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರವಾದ ಎಫ್‌ಆರ್‌ಪಿಗೆ ಈಚಿನ ಹಂಗಾಮುಗಳಲ್ಲಿ ಆಧಾರವಾಗಿರುವ ಇಳುವರಿ ಶೇ 10.25, ಅದರ ಮೇಲೆ ಪ್ರತಿ 0.1ಕ್ಕೂ ಹೆಚ್ಚುವರಿ ದರ. ಒಂದು ಸರಾಸರಿ ಆ ಗೆರೆಯ ಮೇಲಿದೆ, ಇನ್ನೊಂದು ಕೆಳಗೆ. ಡ್ಯಾಶ್‌ಬೋರ್ಡಿನೊಳಗೆ ಟನ್ನಿನ ತೂಕ ಹಿಡಿದು ಲೆಕ್ಕ ಮಾಡುವ ಸೂತ್ರವಿತ್ತು. ಶೀಟಿಗೆ ಇಳಿದದ್ದು ಉತ್ತರ ಮಾತ್ರ, ಸೂತ್ರವಲ್ಲ.

ಸಿಎಸ್‌ವಿಯ ಉಳಿದ ಕಾಟಗಳು ಎಲ್ಲರಿಗೂ ಗೊತ್ತಿರುವಂಥವೇ. ನೇರವಾಗಿ ತೆರೆದರೆ ಊರುಗಳ ಕನ್ನಡ ಹೆಸರು ಕಲಸಿಹೋಗುತ್ತದೆ, ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಸೊನ್ನೆ ಮಾಯವಾಗುತ್ತದೆ. ಕಡತದ ಮೇಲೆ ಎರಡು ಸಲ ಒತ್ತದೆ, ಎಕ್ಸೆಲ್‌ನ ಡೇಟಾ ಮೆನುವಿನಿಂದ ಆಮದು ಮಾಡಿ ಕನ್ನಡ ಅಕ್ಷರಗಳನ್ನು ಸರಿಯಾಗಿ ಓದುವ ಯುಟಿಎಫ್-8 ಸಂಕೇತ ಕ್ರಮ ಆರಿಸಿ, ಖಾತೆಯ ಕಾಲಂ ಅನ್ನು ಪಠ್ಯವೆಂದು ಗುರುತಿಸಬೇಕು.

ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ. ವರದಿಯ ಸೆಟ್ಟಿಂಗ್‌ನಲ್ಲಿ ಸಾರಾಂಶಕ್ಕೆ ಮಾತ್ರ ಅನುಮತಿ ಕೊಡುತ್ತೇನೆ, ಮೂಲ ದತ್ತಾಂಶಕ್ಕೆ ಕೊಡುವುದಿಲ್ಲ. ಮೂಲ ದತ್ತಾಂಶ ಇಳಿಸಿದರೆ ಚಿತ್ರದಲ್ಲಿಲ್ಲದ ಕಾಲಂಗಳೂ ಜೊತೆಗೆ ಬರುತ್ತವೆ. ತಾಲ್ಲೂಕುವಾರು ಟನ್ ತೋರಿಸುವ ಕಂಬಚಿತ್ರದ ಹಿಂದೆ ರೈತರ ಮೊಬೈಲ್ ಸಂಖ್ಯೆ ಇರಬಹುದು. ಪರದೆಯಲ್ಲಿ ಯಾರು ಯಾವ ವಿಭಾಗ ನೋಡಬೇಕೆಂಬ ಕಟ್ಟುಪಾಡು ಇಳಿಸುವವರಿಗೂ ಅನ್ವಯಿಸುತ್ತದೆ ನಿಜ, ಆದರೆ ಆ ಕಡತ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಮೇಲೆ ಯಾವ ಕಟ್ಟುಪಾಡೂ ಇಲ್ಲ.

ಅಷ್ಟು ಸಾಲು ಏಕೆ ಬೇಕಿತ್ತು ಎಂದು ಕೊನೆಗೆ ಗುಮಾಸ್ತರನ್ನು ಕೇಳಿದೆ, ಮೊದಲೇ ಕೇಳಬೇಕಿತ್ತು. "ಪಿವೋಟ್ (ಸಾರಾಂಶ ಕೋಷ್ಟಕ) ಹಾಕಿ ತಾಲ್ಲೂಕುವಾರು ಬಾಕಿ ತೆಗೆಯಲು ಮೇಡಂ. ಸಾಹೇಬರು ದಿನಾ ಬೆಳಿಗ್ಗೆ ಕೇಳುತ್ತಾರೆ." ಅದೇ ಬಾಕಿಯ ಏಳು ಸಾಲಿನ ಕೋಷ್ಟಕವೊಂದನ್ನು ಡ್ಯಾಶ್‌ಬೋರ್ಡಿನ ಮೊದಲ ಪುಟದಲ್ಲೇ ಇಟ್ಟುಕೊಟ್ಟೆ. ಅದನ್ನೂ ಅವರು ದಿನಾ ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಾರಂತೆ.