ಅಜ್ಜನ ಕೇಸಿನ ಫೈಲ್: ಸಿವಿಲ್ ನ್ಯಾಯಾಲಯದ ರೆಕಾರ್ಡ್ ರೂಮಿನ ಅಧ್ಯಯನ ಟಿಪ್ಪಣಿ

ಇಲಾಖಾ ಪರೀಕ್ಷೆಗೆ ಓದುತ್ತಿರುವವರಿಗೂ ಹೊಸದಾಗಿ ರೆಕಾರ್ಡ್ ರೂಮಿಗೆ ಹಾಕಿಸಿಕೊಂಡವರಿಗೂ ಈ ಟಿಪ್ಪಣಿ. ಕಲಂಗಳನ್ನು ಉರು ಹೊಡೆದರೆ ಮರೆತುಹೋಗುತ್ತವೆ. ಹಾಗಾಗಿ ಒಂದು ಕಲ್ಪಿತ ದಾವೆಯನ್ನು ಹಿಡಿದುಕೊಂಡು ಹೋಗೋಣ.

ತೀರ್ಥಹಳ್ಳಿ ಕಡೆಯ ಒಂದು ಕೂಡುಕುಟುಂಬ. ಎರಡೂವರೆ ಎಕರೆ ಅಡಿಕೆ ತೋಟ, ಒಂದು ಹಳೆಯ ಹೆಂಚಿನ ಮನೆ. 1987ರಲ್ಲಿ ತಮ್ಮನಾದವನು ಅಣ್ಣನ ಮೇಲೆ ಪಾಲು ಕೇಳಿ ದಾವೆ ಹೂಡಿದ. 1991ರಲ್ಲಿ ತೀರ್ಪಾಯಿತು, ತಮ್ಮನಿಗೆ ಅರ್ಧ ಪಾಲು ಎಂದು ಪ್ರಾಥಮಿಕ ಡಿಕ್ರಿ (ಪಾಲು ಎಷ್ಟು ಎಂದಷ್ಟೇ ಹೇಳುವ ನ್ಯಾಯಾಲಯದ ಆದೇಶ) ಆಯಿತು. ಆಮೇಲೆ ಮನೆಯಲ್ಲಿ ಒಂದು ಮದುವೆ, ಒಂದು ಸಾವು. ಜಗಳ ತಣ್ಣಗಾಯಿತು, ಡಿಕ್ರಿ ಕಪಾಟಿನಲ್ಲಿ ಉಳಿಯಿತು. ಈಗ ಆ ತಮ್ಮನ ಮೊಮ್ಮಗ ನಮ್ಮ ಕಿಟಕಿಯ ಮುಂದೆ ನಿಂತು ಕೇಳುತ್ತಾನೆ: “ಸಾರ್, ನಮ್ಮ ಅಜ್ಜನ ಕೇಸಿನ ಫೈಲ್ ಇದೆಯೇ?”

“ಅಷ್ಟು ಹಳೆಯದು ಎಲ್ಲಿರುತ್ತದೆ” ಎಂದುಬಿಡುವುದು ಸುಲಭ. ಆದರೆ ತಪ್ಪು. ವಿಲೇವಾರಿ ಎಂದರೆ ವಕೀಲರ ಮಟ್ಟಿಗೆ ಕೇಸು ಮುಗಿಯಿತು ಎಂದರ್ಥ. ರೆಕಾರ್ಡ್ ರೂಮಿನವರ ಕೆಲಸ ಅಲ್ಲಿಂದಲೇ ಶುರು.

ಡಿಕ್ರಿಯ ಆಯಸ್ಸು

1963ರ ಕಾಲಪರಿಮಿತಿ ಅಧಿನಿಯಮದ 136ನೇ ಅನುಚ್ಛೇದದ ಪ್ರಕಾರ ಡಿಕ್ರಿಯ ಅಮಲ್ಜಾರಿಗೆ 12 ವರ್ಷ. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಆ ಮಿತಿಯೂ ಇಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ, ಆದರೆ ಮೊಮ್ಮಗನ ಪ್ರಶ್ನೆಗೆ ಇದು ಉತ್ತರವಲ್ಲ. ಅವನ ಅಜ್ಜನಿಗೆ ಸಿಕ್ಕಿದ್ದು ಅಂತಿಮ ಡಿಕ್ರಿಯಲ್ಲ. ಪಾಲು ಎಷ್ಟು ಎಂದು ನ್ಯಾಯಾಲಯ ಹೇಳಿದೆ, ಯಾವ ಸಾಲಿನ ಮರ ಯಾರಿಗೆ ಎಂದು ಹೇಳಿಲ್ಲ. ಆ ಭಾಗ ಬಾಕಿ ಇರುವವರೆಗೆ ದಾವೆಯೇ ಬಾಕಿ ಇದ್ದಂತೆ. ಹಾಗಾಗಿ ಪಾಲಿನ ದಾವೆಯಲ್ಲಿ ಅಂತಿಮ ಡಿಕ್ರಿಗಾಗಿ ಹಾಕುವ ಅರ್ಜಿಗೆ ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಭಾಗ ಮಾಡುವವರು ಯಾರು ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಕಾಗದ ಎರಡು ದಿಕ್ಕಿಗೆ ಹೋಗುತ್ತದೆ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 54ರಂತೆ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಗೆಜೆಟೆಡ್ ಅಧಿಕಾರಿ. ಮನೆಯಂಥ ಸ್ವತ್ತಾದರೆ ಆದೇಶ 26ರ ನಿಯಮ 13ರಂತೆ ನ್ಯಾಯಾಲಯ ನೇಮಿಸುವ ಕಮಿಷನರ್. ನಮ್ಮ ಕಲ್ಪಿತ ಕುಟುಂಬದಲ್ಲಿ ತೋಟವೂ ಇದೆ, ಮನೆಯೂ ಇದೆ. ಎರಡಕ್ಕೂ ಮೂಲ ಆ 1991ರ ಡಿಕ್ರಿಯೇ.

ಹಳೆಯ ಕಡತಗಳನ್ನು ನಾಶಪಡಿಸಲು ಕಾನೂನಿನ ಆಧಾರ ಇದೆ: 1917ರ ದಾಖಲೆಗಳ ನಾಶ ಅಧಿನಿಯಮ ಮತ್ತು ಅದರಡಿ ಉಚ್ಚ ನ್ಯಾಯಾಲಯ ಮಾಡುವ ನಿಯಮಗಳು. ಯಾವ ಹಾಳೆ ಎಷ್ಟು ವರ್ಷ ಎಂಬುದನ್ನು ಆ ನಿಯಮಗಳ ಪಟ್ಟಿಯಲ್ಲೇ ನೋಡಬೇಕು, ಹಿರಿಯರ ಬಾಯಿಮಾತಿನ ಮೇಲೆ ಹೋಗಬಾರದು. ನನ್ನದೊಂದು ಅಭ್ಯಾಸ: ಪಾಲಿನ ದಾವೆಯ ಕಡತ ಕೈಗೆ ಬಂದರೆ ಮೊದಲು ಡಿಕ್ರಿಯ ತಲೆಬರಹ ಓದುತ್ತೇನೆ. ‘ಪ್ರಾಥಮಿಕ’ ಎಂದಿದ್ದರೆ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ.

ಹುಡುಕುವುದು

ಮೊಮ್ಮಗನ ಬಳಿ ನಂಬರ್ ಇರುವುದಿಲ್ಲ. ಈಗಿನ ಪ್ರಕರಣಗಳಿಗೆ ಕಂಪ್ಯೂಟರಿನಲ್ಲಿ ಪ್ರಕರಣವನ್ನು ಗುರುತಿಸುವ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆ ಇದೆ, ‘ಕೆಎ’ ಎಂದರೆ ಕರ್ನಾಟಕ, ಕೊನೆಯ ನಾಲ್ಕು ಅಂಕಿ ವರ್ಷ. 1987ರ ದಾವೆಗೆ ನಮ್ಮ ಕಣ್ಣೇ ಗತಿ. ಆದೇಶ 4, ನಿಯಮ 2 ನೆನಪಿಡಿ: ಪ್ರತಿ ದಾವೆಯನ್ನೂ ಸಿವಿಲ್ ದಾವೆಗಳ ವಹಿಯಲ್ಲಿ ದಾಖಲಿಸಬೇಕು, ವಾದಪತ್ರ ಅಂಗೀಕಾರವಾದ ಕ್ರಮದಲ್ಲಿ ವರ್ಷವರ್ಷಕ್ಕೂ ಹೊಸದಾಗಿ ನಂಬರ್ ಕೊಡಬೇಕು. ವರ್ಷ ತಪ್ಪಿದರೆ ನಂಬರ್ ಸಿಕ್ಕಿಯೂ ಪ್ರಯೋಜನವಿಲ್ಲ.

ಕೈಬರಹದ ವಹಿಗಳಲ್ಲಿ ಕನ್ನಡ ಅಂಕಿಗಳು ಕಾಡುತ್ತವೆ. ಅವಸರದಲ್ಲಿ ಬರೆದ ೬ ಮತ್ತು ೯ ಅವಳಿ ಮಕ್ಕಳಂತೆ. ಒಮ್ಮೆ ನಾನು ೧೬೯ ಎಂದು ಓದಿಕೊಂಡು ಒಂದು ಮಧ್ಯಾಹ್ನವಿಡೀ ಹುಡುಕಿದ ಕಟ್ಟು ೧೯೬ರಲ್ಲಿ ಆರಾಮವಾಗಿ ಕುಳಿತಿತ್ತು. ಹೆಸರುಗಳೂ ಅಷ್ಟೇ. ‘ಮುನ್ಸೀಫ್ ನ್ಯಾಯಾಲಯ’ ಎಂಬ ಮೊಹರು ಕಂಡರೆ ಗಾಬರಿ ಬೇಡ, ಅದು ಇಂದಿನ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದ ಹಿಂದಿನ ಹೆಸರು. ಇಂಗ್ಲಿಷ್ ಕಾಗದಗಳಲ್ಲಿ ‘ಶಿಮೊಗ’ ಎಂದಿದ್ದದ್ದು ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು; ಕಂಪ್ಯೂಟರಿನಲ್ಲಿ ಹುಡುಕುವಾಗ ಎರಡನ್ನೂ ಕೊಟ್ಟು ನೋಡಿ.

ಮಲೆನಾಡಿನ ಎಪ್ಪತ್ತರ ದಶಕದ ಕಡತಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ: ದಾವೆ ನಡುವೆ ನಿಂತುಹೋಗಿ, ವರ್ಷಗಳ ನಂತರ ಮತ್ತೆ ಎದ್ದಿರುತ್ತದೆ. ಕಾರಣ ಗೇಣಿ. ಪ್ರತಿವಾದಿ ‘ನಾನು ಗೇಣಿದಾರ’ ಎಂದರೆ, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಕಲಂ 133ರಂತೆ ಸಿವಿಲ್ ನ್ಯಾಯಾಲಯ ಆ ಪ್ರಶ್ನೆಯನ್ನು ತೀರ್ಮಾನಿಸುವಂತಿಲ್ಲ. ದಾವೆಯನ್ನು ತಡೆದು ಭೂನ್ಯಾಯ ಮಂಡಳಿಗೆ ಕಳುಹಿಸಬೇಕು. ಗೇಣಿ ಜಮೀನು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದ ಮೇಲೆ ಇಂಥವು ಸಾಲುಗಟ್ಟಿದವು. ಅಂಥ ಕಡತದಲ್ಲಿ ಮಂಡಳಿಯ ಆದೇಶದ ಪ್ರತಿಯೇ ಜೀವ. ಅದು ಹಿಂಬದಿಯ ಹಾಳೆಯಲ್ಲಿ ಸಡಿಲವಾಗಿ ಸಿಕ್ಕಿರುತ್ತದೆ, ಉದುರದಂತೆ ನೋಡಿಕೊಳ್ಳಿ.

ನಕಲು ಮತ್ತು ಮೂರು ತಾರೀಕುಗಳು

ಕಡತ ಸಿಕ್ಕಿತು ಎಂದುಕೊಳ್ಳೋಣ. ಮೊಮ್ಮಗನಿಗೆ ಬೇಕಾದ್ದು ದೃಢೀಕೃತ ನಕಲು. ಇಲ್ಲಿ ಎರಡು ಮಾತು ಮುಖ್ಯ.

ಮೊದಲನೆಯದು, ನಕಲಿನಲ್ಲಿ ನಾವು ಏನನ್ನೂ ತಿದ್ದುವಂತಿಲ್ಲ. ಮೂಲದಲ್ಲಿ ಸರ್ವೆ ನಂಬರ್ ತಪ್ಪಿದ್ದರೆ ನಕಲಿನಲ್ಲೂ ತಪ್ಪೇ ಇರಬೇಕು. ತೀರ್ಪು, ಡಿಕ್ರಿಗಳಲ್ಲಿನ ಕೈತಪ್ಪನ್ನು ಸರಿಪಡಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರಡಿ ನ್ಯಾಯಾಲಯಕ್ಕಿದೆ, ಗುಮಾಸ್ತರಿಗಿಲ್ಲ. ಕನ್ನಡ ಚೆನ್ನಾಗಿ ಬಲ್ಲವರಿಗೆ ಇದು ಕಷ್ಟ. ‘ಆಡಿಕೆ ತೋಟ’ ಎಂದಿರುವುದನ್ನು ಹಾಗೆಯೇ ಬಿಡಲು ಬೆರಳು ಒಪ್ಪುವುದಿಲ್ಲ. ಒಪ್ಪಿಸಬೇಕು.

ಎರಡನೆಯದು ತಾರೀಕು. ನಕಲಿನ ಮೇಲೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಈ ಮೂರನ್ನೂ ಬರೆಯುತ್ತೇವೆ. ಹಳೆಯ ಡಿಕ್ರಿಯಲ್ಲಿ ಇದು ಬರಿಯ ದಾಖಲೆ, ಹೊಸ ತೀರ್ಪಿನಲ್ಲಿ ಒಬ್ಬರ ಮೇಲ್ಮನವಿಯ ಹಣೆಬರಹ. ಲೆಕ್ಕ ಮಾಡಿ ನೋಡೋಣ. ತೀರ್ಪು ಬಂದದ್ದು 2024ರ ಜೂನ್ 3. ಉಚ್ಚ ನ್ಯಾಯಾಲಯಕ್ಕೆ ಹೋಗುವ ಮೇಲ್ಮನವಿಗೆ 90 ದಿನ, ಬೇರೆ ನ್ಯಾಯಾಲಯಕ್ಕೆ 30 ದಿನ (ಕಾಲಪರಿಮಿತಿ ಅಧಿನಿಯಮದ ಅನುಚ್ಛೇದ 116). ನಮ್ಮದು 30ರದ್ದು. ತೀರ್ಪಿನ ದಿನವನ್ನು ಬಿಟ್ಟು ಎಣಿಸಿದರೆ ಗಡುವು ಜುಲೈ 3. ಕಕ್ಷಿದಾರ ಜೂನ್ 10ರಂದು ನಕಲಿಗೆ ಅರ್ಜಿ ಹಾಕಿದ, ಜೂನ್ 24ರಂದು ಸಿದ್ಧವಾಯಿತು. ಅದೇ ಅಧಿನಿಯಮದ ಕಲಂ 12ರಂತೆ ನಕಲು ಪಡೆಯಲು ಬೇಕಾದ ಸಮಯ ಲೆಕ್ಕಕ್ಕಿಲ್ಲ. ರೂಢಿಯಂತೆ ಎರಡೂ ತುದಿಯ ದಿನ ಸೇರಿಸಿದರೆ 15 ದಿನ. ಗಡುವು ಜುಲೈ 18ಕ್ಕೆ ಹೋಯಿತು. ಆದರೆ ಆತ ಶುಂಠಿ ನಾಟಿ, ಮಳೆ ಎಂದುಕೊಂಡು ಸಿದ್ಧವಾಗಿದ್ದ ನಕಲನ್ನು ಒಯ್ದದ್ದು ಜುಲೈ 8ರಂದು. ಆ ನಡುವಿನ ದಿನಗಳು ಅವನ ಖಾತೆಗೆ, ನಮ್ಮ ಖಾತೆಗಲ್ಲ. ಹೀಗಿರುವಾಗ ‘ಸಿದ್ಧವಾದ ದಿನ’ದ ಅಂಕಣವನ್ನು ನಾವು ಖಾಲಿ ಬಿಟ್ಟರೆ ಅಥವಾ ಕೊಟ್ಟ ದಿನವನ್ನೇ ಅಲ್ಲೂ ತುಂಬಿದರೆ ಏನಾಗುತ್ತದೆ, ಯೋಚಿಸಿ.

ಮೂಲ ದಾಖಲೆ ವಾಪಸು

ಸಾಲಕ್ಕೆ ಸಹಕಾರ ಸಂಘ ಮೂಲ ಕ್ರಯಪತ್ರ ಕೇಳಿದೆ, ಅದು ನಮ್ಮ ಕಡತದಲ್ಲಿ ನಿಶಾನೆ ಪಿ.3 (ವಾದಿಯ ಕಡೆಯ ಮೂರನೇ ಸಾಕ್ಷ್ಯ ದಾಖಲೆ) ಆಗಿ ಕೂತಿದೆ. ವಾರಕ್ಕೊಬ್ಬರಾದರೂ ಹೀಗೆ ಬರುತ್ತಾರೆ. ಆದೇಶ 13, ನಿಯಮ 9 ಓದಿ: ಮೇಲ್ಮನವಿಗೆ ಅವಕಾಶವಿಲ್ಲದ ದಾವೆಯಾದರೆ ವಿಲೇವಾರಿಯಾದ ಮೇಲೆ, ಅವಕಾಶವಿದ್ದರೆ ಗಡುವು ಮುಗಿದು ಯಾರೂ ಮೇಲ್ಮನವಿ ಹಾಕಿಲ್ಲವೆಂದು ಖಾತರಿಯಾದ ಮೇಲೆ ಅಥವಾ ಮೇಲ್ಮನವಿಯೇ ಮುಗಿದ ಮೇಲೆ ವಾಪಸು. ಅದಕ್ಕೂ ಮೊದಲೇ ಬೇಕಾದರೆ ದೃಢೀಕೃತ ನಕಲನ್ನು ಬದಲಿಗೆ ಇಟ್ಟು, ಕೇಳಿದಾಗ ಮೂಲವನ್ನು ಹಾಜರುಪಡಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಡಿಕ್ರಿಯಿಂದ ಪೂರ್ಣ ಅನೂರ್ಜಿತವಾದ ದಾಖಲೆಯನ್ನು ಮಾತ್ರ ಕೊಡುವಂತಿಲ್ಲ. ಕೊಟ್ಟದ್ದಕ್ಕೆ ರಸೀದಿ ಕಡ್ಡಾಯ. ರಸೀದಿಯಿಲ್ಲದೆ ಕೊಟ್ಟ ಕ್ರಯಪತ್ರ ಹತ್ತು ವರ್ಷದ ನಂತರ ಕಳೆದುಹೋದ ಕ್ರಯಪತ್ರವೆನಿಸಿಕೊಳ್ಳುತ್ತದೆ.

ಮಳೆಗಾಲ

ನಿಯಮ ಪುಸ್ತಕಗಳು ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ. ಕಪಾಟನ್ನು ಗೋಡೆಯಿಂದ ಒಂದು ಗೇಣಾದರೂ ದೂರವಿಡಿ, ಕೆಳಗಿನ ಅಂತಸ್ತನ್ನು ಖಾಲಿ ಬಿಡಿ. ಕಬ್ಬಿಣದ ಪಿನ್ನುಗಳನ್ನು ಕಿತ್ತು ದಾರ ಹಾಕಿ. ತುಕ್ಕು ಮೊದಲು ತಿನ್ನುವುದು ಮೊದಲ ಹಾಳೆಯನ್ನು, ಅಂದರೆ ವಾದಪತ್ರವನ್ನು. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನೂ ಎಬ್ಬಿಸುತ್ತದೆ. ನೆನೆದ ಕಡತವನ್ನು ಅಡಿಕೆ ಹರಡಿದಂತೆ ಬಿಸಿಲಿಗೆ ಹರಡಬೇಡಿ. ನೆರಳಿನಲ್ಲಿ ಫ್ಯಾನಿನ ಕೆಳಗೆ, ಹಾಳೆಗಳ ನಡುವೆ ಒತ್ತುಕಾಗದ ಇಟ್ಟು ಒಣಗಿಸಿ. ಬೂಷ್ಟು ಹಿಡಿದ ಕಟ್ಟನ್ನು ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮೊಮ್ಮಗನ ಕಡತಕ್ಕೆ ಮರಳಿದರೆ: ಅಂತಿಮ ಡಿಕ್ರಿಯ ಅರ್ಜಿ ದಾಖಲಾಗಿ, ಮೂಲ ಕಡತ ಬೇಕೆಂದು ನ್ಯಾಯಾಲಯ ತರಿಸಿಕೊಂಡಿದೆ. ಕಟ್ಟನ್ನು ಕೊಡುವ ಮೊದಲು ಹಾಳೆ ಎಣಿಸಿ, ವಹಿಯಲ್ಲಿ ಬೆಂಚ್ ಕ್ಲರ್ಕ್ ಸಹಿ ಪಡೆಯಿರಿ. ಕಪಾಟಿನಲ್ಲಿ ತೆರವಾದ ಜಾಗಕ್ಕೆ ದಾವೆ ನಂಬರ್, ಹೋದ ದಿನ, ಹೋದ ನ್ಯಾಯಾಲಯ ಬರೆದ ರಟ್ಟಿನ ಚೀಟಿಯೊಂದನ್ನು ನಿಲ್ಲಿಸಿ.