ಕೈ ಎತ್ತೋ ಮೊದಲು ಫೋನ್ ಎತ್ತಬೇಕು

ಸೀರಿಯಲ್‌ಗೆ ಬರೆಯಬೇಕು ಅಂತ ಬರುವ ಹೊಸಬರಲ್ಲಿ ಸುಮಾರು ಜನ ಒಂದೇ ಕಥೆ ಹಿಡಿದುಕೊಂಡು ಬರುತ್ತಾರೆ. ಹೀರೋ ನಿವೃತ್ತ ಗೂಢಚಾರ. ಒಬ್ಬನೇ ಇರುತ್ತಾನೆ, ಯಾರ ತಂಟೆಗೂ ಹೋಗಲ್ಲ. ಪಕ್ಕದ ಮನೆಯ ಹೆಂಗಸಿಗೆ ಯಾರೋ ಕಾಟ ಕೊಡುತ್ತಾರೆ. ಇವನು ಎದ್ದು ನಿಲ್ಲುತ್ತಾನೆ. ಕಥೆ ಕೆಟ್ಟದ್ದಲ್ಲ, ನನಗೂ ಇಷ್ಟವೇ. ಆದರೆ ಸ್ಕ್ರಿಪ್ಟ್ ತೆಗೆದು ನೋಡಿದರೆ ಹೊಡೆದಾಟಕ್ಕೆ ಪುಟಗಟ್ಟಲೆ ಜಾಗ, ಆ ಹೆಂಗಸಿಗೆ ನಾಲ್ಕು ಸಾಲು. ಅವರಿಗೆಲ್ಲ ನಾನು ‘ದಿ ಈಕ್ವಲೈಜರ್’ ನೋಡಿ ಅಂತ ಹೇಳುತ್ತೇನೆ. ಡೆಂಜಲ್ ವಾಷಿಂಗ್ಟನ್ ಸಿನಿಮಾ ಅಲ್ಲ, ಅದಕ್ಕೂ ಮುಂಚೆ ಬಂದ ಟಿವಿ ಧಾರಾವಾಹಿ.

ಅದು ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1985ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1989ರವರೆಗೆ ನಡೆಯಿತು. ಮೈಕೆಲ್ ಸ್ಲೋನ್ ಮತ್ತು ರಿಚರ್ಡ್ ಲಿಂಡ್‌ಹೈಮ್ ಕಟ್ಟಿದ ಕಥೆ. ರಾಬರ್ಟ್ ಮೆಕಾಲ್ ಅನ್ನುವವನು ಗುಪ್ತಚರ ಸಂಸ್ಥೆಯ ಕೆಲಸ ಬಿಟ್ಟು ನ್ಯೂಯಾರ್ಕ್‌ನಲ್ಲಿ ಪತ್ರಿಕೆಗೆ ಒಂದು ವರ್ಗೀಕೃತ ಜಾಹೀರಾತು ಕೊಡುತ್ತಾನೆ. ತೊಂದರೆಯಲ್ಲಿದ್ದೀರಾ, ಎದುರಿಗಿರುವವರು ನಿಮಗಿಂತ ಬಲಶಾಲಿಗಳಾ, ಫೋನ್ ಮಾಡಿ, ಅಷ್ಟೇ. ಕೆಳಗೆ ಒಂದು ನಂಬರ್, 212 ಇಂದ ಶುರುವಾಗುವ ಮ್ಯಾನ್‌ಹಟನ್ ನಂಬರ್. ಅದರ ನಡುವೆ 555 ಇರುತ್ತದೆ, ಅಲ್ಲಿನ ಸಿನಿಮಾ-ಟಿವಿಯವರು ಯಾರ ಮನೆಗೂ ಕರೆ ಹೋಗದಿರಲಿ ಅಂತ ಬಳಸುವ ಅಂಕಿ ಅದು.

ಈ ಜಾಹೀರಾತೇ ಇಡೀ ಧಾರಾವಾಹಿಯ ಎಂಜಿನ್. ಬರೆಯುವವರ ಕಣ್ಣಲ್ಲಿ ನೋಡಿ. ಹೀರೋ ಬೀದಿಯಲ್ಲಿ ಅನ್ಯಾಯ ಹುಡುಕಿಕೊಂಡು ಅಲೆಯಬೇಕಿಲ್ಲ, ಪ್ರತಿ ವಾರ ಹೊಸ ಮನುಷ್ಯ ತಾನಾಗಿ ಬರುತ್ತಾನೆ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಫೋನ್ ಮಾಡೋದಕ್ಕೆ ಧೈರ್ಯ ಬೇಕು. ಪೊಲೀಸರ ಹತ್ತಿರ ಹೋಗಿ, ಮನೆಯವರಿಗೆ ಹೇಳಿ, ಯಾರೂ ನಂಬದೆ, ಕೊನೆಗೆ ಗುರುತು ಪರಿಚಯ ಇಲ್ಲದ ಒಬ್ಬನ ಆನ್ಸರಿಂಗ್ ಮಷೀನ್‌ಗೆ ತನ್ನ ಕಷ್ಟ ಹೇಳಿಕೊಳ್ಳುವ ಮನುಷ್ಯ ಎಂಥ ಸ್ಥಿತಿಯಲ್ಲಿರಬೇಕು, ಅಲ್ವಾ? ಕಥೆ ಅಲ್ಲಿಂದ ಶುರು. ಹೊಡೆತ ಬೀಳುವುದು ಎಷ್ಟೋ ಆಮೇಲೆ.

ಇದು ಆ ಊರಲ್ಲಿ, ಆ ಹೊತ್ತಲ್ಲಿ ಯಾಕೆ ನಾಟಿತು ಅನ್ನೋದು ತಿಳಿಯಬೇಕು. ಆಗಿನ ನ್ಯೂಯಾರ್ಕ್‌ನಲ್ಲಿ ರಾತ್ರಿ ಸಬ್‌ವೇ ಹತ್ತಲು ಜನ ಹೆದರುತ್ತಿದ್ದರು. 1979ರಿಂದಲೇ ‘ಗಾರ್ಡಿಯನ್ ಏಂಜೆಲ್ಸ್’ ಅನ್ನುವ ಕೆಂಪು ಟೋಪಿಯ ಸ್ವಯಂಸೇವಕರು ರೈಲುಗಳಲ್ಲಿ ಗಸ್ತು ತಿರುಗುತ್ತಿದ್ದರು. 1984ರ ಡಿಸೆಂಬರ್ 22ರಂದು ಬರ್ನಾರ್ಡ್ ಗೆಟ್ಜ್ ಎಂಬಾತ, ತನ್ನ ಹತ್ತಿರ ದುಡ್ಡು ಕೇಳಿದ ನಾಲ್ವರು ಹುಡುಗರ ಮೇಲೆ ಸಬ್‌ವೇ ರೈಲಿನಲ್ಲೇ ಗುಂಡು ಹಾರಿಸಿದ. ಒಬ್ಬ ಹುಡುಗನ ಸೊಂಟದ ಕೆಳಗಿನ ಸ್ವಾಧೀನ ಹೋಯಿತು. ಊರಲ್ಲಿ ಬಹಳ ಜನ ಗೆಟ್ಜ್‌ನನ್ನು ಹೊಗಳಿದರು. 1987ರಲ್ಲಿ ಜ್ಯೂರಿ ಅವನನ್ನು ಕೊಲೆ ಯತ್ನದ ಆರೋಪದಿಂದ ಬಿಟ್ಟು, ಅಕ್ರಮ ಆಯುಧಕ್ಕೆ ಮಾತ್ರ ತಪ್ಪಿತಸ್ಥ ಅಂತ ಹೇಳಿತು. ಆ ಗುಂಡು ಹಾರಿ ಒಂಬತ್ತು ತಿಂಗಳೊಳಗೆ ಮೆಕಾಲ್ ಟಿವಿಗೆ ಬಂದ.

ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ಇಡುವವರಿದ್ದಾರೆ. ನಾನು ಒಪ್ಪಲ್ಲ. ಗೆಟ್ಜ್ ಹೆದರಿದ, ಟ್ರಿಗರ್ ಎಳೆದ. ಮೆಕಾಲ್ ಮೊದಲು ಕೇಳಿಸಿಕೊಳ್ಳುತ್ತಾನೆ, ವಿಚಾರಿಸುತ್ತಾನೆ, ಕಾಟ ಕೊಡುವವನಿಗೆ ಎಷ್ಟೋ ಸಲ ಮೊದಲು ಎಚ್ಚರಿಕೆ ಕೊಡುತ್ತಾನೆ. ಇಷ್ಟಾದರೂ ಒಂದು ಅಪಾಯ ಇದ್ದೇ ಇದೆ, ಅದನ್ನು ಬರೆಯುವ ನಾವು ಮರೆಯಬಾರದು: ಕಥೆಯಲ್ಲಿ ದುಷ್ಟ ಯಾರು ಅಂತ ನಾವೇ ತೀರ್ಮಾನ ಮಾಡಿರುತ್ತೇವೆ, ಆದ್ದರಿಂದ ಹೀರೋಗೆ ಆಳು ತಪ್ಪುವುದೇ ಇಲ್ಲ, ಬೀದಿಯಲ್ಲಿ ತಪ್ಪುತ್ತದೆ, ತಪ್ಪಿದಾಗ ಸಾಯೋದು ಯಾರೋ ಬಡಪಾಯಿ.

ಹಾಗಾದರೆ ಈ ಧಾರಾವಾಹಿ ಯಾಕೆ ನ್ಯಾಯ ಅನ್ನಿಸುತ್ತದೆ? ಮೊದಲ ಕಂತಿನಲ್ಲೇ ಒಬ್ಬ ಹೆಂಗಸಿನ ಬೆನ್ನು ಬಿದ್ದವನ ಕಥೆ ಬರುತ್ತದೆ. ಇವತ್ತು ನೋಡುವವರು ಪೊಲೀಸರು ಏನು ಮಾಡ್ತಿದ್ದಾರೆ ಅಂತ ಸಿಟ್ಟಾಗಬಹುದು. ಆದರೆ 1985ರಲ್ಲಿ ಅಮೆರಿಕದ ಯಾವ ರಾಜ್ಯದಲ್ಲೂ ಹಿಂಬಾಲಿಸಿ ಕಾಡುವುದಕ್ಕೆ ಅಂತಲೇ ಒಂದು ಕಾನೂನು ಇರಲಿಲ್ಲ. ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ, 1990ರಲ್ಲಿ. ನ್ಯೂಯಾರ್ಕ್ ಮಾಡಿದ್ದು 1999ರಲ್ಲಿ. ಅಂದರೆ ಆ ಧಾರಾವಾಹಿಯ ಹೆಂಗಸು ಠಾಣೆಗೆ ಹೋದರೆ, ಅವನು ಮೈ ಮುಟ್ಟಿಲ್ಲ, ಬಾಗಿಲು ಒಡೆದಿಲ್ಲ, ನಾವೇನು ಮಾಡೋದು ಅನ್ನುವ ಉತ್ತರವೇ ಸಿಗುತ್ತಿತ್ತು. ಪೊಲೀಸರು ಕೆಟ್ಟವರು ಅಂತ ತೋರಿಸುವ ಅಗತ್ಯವೇ ಇಲ್ಲ. ಕಾನೂನಿನಲ್ಲಿ ನಿಜವಾಗಿಯೂ ಒಂದು ಸಂದಿ ಇತ್ತು, ಮೆಕಾಲ್ ಆ ಸಂದಿಯಲ್ಲಿ ನಿಂತ. ಇಂಥ ಕಥೆಯ ಬಲ ಇರೋದು ಆ ಸಂದಿಯಲ್ಲಿ. ಅದು ಸುಳ್ಳಾದರೆ ಹೀರೋ ಬರೀ ರೌಡಿ.

ಇನ್ನು ಮೆಕಾಲ್ ಆಗಿ ನಟಿಸಿದ ಎಡ್ವರ್ಡ್ ವುಡ್‌ವರ್ಡ್. ಪಾತ್ರಕ್ಕೆ ಬಂದಾಗ ಅವರಿಗೆ 55 ವರ್ಷ. ಬಿಳಿ ಕೂದಲು, ಓವರ್‌ಕೋಟ್, ಕಪ್ಪು ಜಾಗ್ವಾರ್ ಕಾರು, ಇಂಗ್ಲೆಂಡಿನ ಮಾತು. ಓಡಿ ಹಾರಿ ಹೊಡೆಯುವ ಮೈ ಅಲ್ಲ. ಆದ್ದರಿಂದ ಬರೆಯುವವರು ಅವರ ಮುಖವನ್ನು ನೆಚ್ಚಬೇಕಾಯಿತು, ಒಳ್ಳೆಯದೇ ಆಯಿತು. ಮಗ ಸ್ಕಾಟ್ ಜೊತೆಗಿನ ದೃಶ್ಯಗಳನ್ನು ನೋಡಿ. ಕೆಲಸಕ್ಕಾಗಿ ಮನೆ ಕಳೆದುಕೊಂಡ ಅಪ್ಪ, ಹಿಂದೆ ತಾನು ಮಾಡಿದ್ದೆಲ್ಲ ಸರಿ ಇರಲಿಲ್ಲ ಅಂತ ಗೊತ್ತಿರುವವನು. ಬೇರೆಯವರಿಗೆ ಸಹಾಯ ಮಾಡೋದು ಅವನಿಗೆ ತೀರಿಸಬೇಕಾದ ಸಾಲ. ಈ ಪಾತ್ರಕ್ಕೆ ಅವರಿಗೆ ಗೋಲ್ಡನ್ ಗ್ಲೋಬ್ ಬಂತು. 1987ರಲ್ಲಿ ಅವರಿಗೆ ಹೃದಯಾಘಾತವಾದಾಗ ಬರಹಗಾರರು ಮೆಕಾಲ್‌ನನ್ನೇ ಅಪಹರಣ ಮಾಡಿಸಿ, ನಟ ರಾಬರ್ಟ್ ಮಿಚಮ್‌ರನ್ನು ಕರೆತಂದು ಹುಡುಕಲು ಹಚ್ಚಿದರು. ಜೊತೆಗೆ ರಿಚರ್ಡ್ ಜೋರ್ಡನ್ ಸ್ವಲ್ಪ ಕಾಲ ಭಾರ ಹೊತ್ತರು. ನಟರು ಕೈಕೊಟ್ಟರೆ ರಾತ್ರೋರಾತ್ರಿ ಕಥೆ ತಿರುಗಿಸುವ ನಮಗೆ ಆ ಕಂತುಗಳು ಒಳ್ಳೆಯ ಪಾಠ.

ನಾಲ್ಕು ವರ್ಷಕ್ಕೆ ಅವರು ಮಾಡಿದ್ದು 88 ಕಂತು. ನಮ್ಮ ದಿನದ ಧಾರಾವಾಹಿ ಅಷ್ಟನ್ನು ನಾಲ್ಕು ತಿಂಗಳಲ್ಲಿ ಮುಗಿಸುತ್ತದೆ. ಆ ವೇಗದಲ್ಲಿ ಅಷ್ಟು ಹೊಸ ಹೊಸ ಜನರನ್ನು ಹುಟ್ಟಿಸೋದು ನಿಜವಾಗಿಯೂ ಕಷ್ಟ. ಅದಕ್ಕೇ ನಮ್ಮಲ್ಲಿ ಈ ಬಗೆಯ ಕಥೆ ಬೇಗ ಮನೆಯೊಳಗಿನ ಜಗಳಕ್ಕೆ ಜಾರುತ್ತದೆ.

2014ರ ಸಿನಿಮಾದಲ್ಲಿ ಮೆಕಾಲ್ ಬಾಸ್ಟನ್‌ನ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಹೊಡೆಯುವ ಮೊದಲು ಗಡಿಯಾರ ನೋಡಿಕೊಳ್ಳುತ್ತಾನೆ. ಚೆನ್ನಾಗಿದೆ. ಆದರೆ ನೋಡಿ ಬಂದವರಿಗೆ ನೆನಪಿರೋದು ಆ ಗಡಿಯಾರ. 2021ರಲ್ಲಿ ಅದೇ ಹೆಸರಿನ ಹೊಸ ಟಿವಿ ಧಾರಾವಾಹಿಯಲ್ಲಿ ನಟಿ ಕ್ವೀನ್ ಲತೀಫಾ ರಾಬಿನ್ ಮೆಕಾಲ್ ಆಗಿ ಬಂದರು, ಹದಿಹರೆಯದ ಮಗಳಿರುವ ತಾಯಿ. 2025ರವರೆಗೆ ಐದು ಸೀಸನ್ ನಡೆದ ಅದು ಮತ್ತೆ ಕಷ್ಟದಲ್ಲಿರುವವರ ಹತ್ತಿರ ಹೋಯಿತು. ಸಿನಿಮಾಗಿಂತ ನನಗೆ ಅದೇ ಜಾಸ್ತಿ ಹಿಡಿಸಿತು.

ಹೊಸಬರಿಗೆ ನಾನು ಕೊಡುವ ಕೆಲಸ ಒಂದೇ. ಹೀರೋ ಬೇಡ, ಬರೀ ಫೋನ್ ಕರೆ ಬರೆಯಿರಿ. ಮೊದಲು ಬರೆದಾಗ ಎಲ್ಲರೂ ಹೀಗೆ ಬರೆಯುತ್ತಾರೆ: “ಸರ್, ನನ್ನನ್ನು ಕಾಪಾಡಿ, ಅವನು ನನ್ನನ್ನು ಸಾಯಿಸಿಬಿಡ್ತಾನೆ.” ಇದರಲ್ಲಿ ಯಾರೂ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಬರೆಸಿದ ಮೇಲೆ ಒಬ್ಬಳು ಹೀಗೆ ತಂದಳು: “ಸರ್, ಅವನೇನೂ ಮಾಡಿಲ್ಲ. ನಿನ್ನೆ ಫೋನ್ ಮಾಡಿ ನನ್ನ ಮಗಳ ಹೊಸ ಬ್ಯಾಗ್ ಚೆನ್ನಾಗಿದೆ ಅಂದ, ಅಷ್ಟೇ. ಬ್ಯಾಗ್ ತಂದಿದ್ದು ಮೊನ್ನೆ ರಾತ್ರಿ.” ಓದುವಾಗ ಮೈ ಜುಮ್ ಅಂತು. ಇದಾದ ಮೇಲೆ ಹೀರೋ ಬಾಗಿಲು ತಟ್ಟಿದರೆ ಸಾಕು, ಜನ ಅವನ ಜೊತೆ ಇರುತ್ತಾರೆ.

ಇದೇ ಕಥೆಯನ್ನು ಇವತ್ತು ಬೆಂಗಳೂರಿನಲ್ಲಿಟ್ಟು ಬರೆಯುವುದಾದರೆ ಪೊಲೀಸ್ ಠಾಣೆಯಲ್ಲಿ ಕೇಳುವವರಿಲ್ಲ ಅಂತ ಒಂದೇ ಸಾಲಿನಲ್ಲಿ ದಾಟಿಬಿಡಬೇಡಿ. 112 ಇದೆ. ಹಿಂಬಾಲಿಸಿ ಕಾಡುವುದು ನಮ್ಮಲ್ಲಿ 2013ರಿಂದ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಆದರೆ ಮೊದಲ ಸಲದ ಅಪರಾಧಕ್ಕೆ ಜಾಮೀನು ಸಿಗುತ್ತದೆ. ಅವಳು ದೂರು ಕೊಡಲಿ, ಇನ್‌ಸ್ಪೆಕ್ಟರ್ ಒಳ್ಳೆಯವನೇ ಆಗಿರಲಿ, ಕಾಡುವವನನ್ನು ಹಿಡಿದು ತರಲಿ. ಅವನು ಜಾಮೀನಿನ ಮೇಲೆ ಹೊರಗೆ ಬರಲಿ, ಮರುದಿನ ಸ್ಕೂಲ್ ಬಸ್ ನಿಲ್ಲುವ ಜಾಗದ ಎದುರು ಟೀ ಕುಡಿಯುತ್ತಾ ನಿಂತಿರಲಿ. ಫೋನ್ ಕರೆಯನ್ನು ಅಲ್ಲಿಂದ ಶುರು ಮಾಡಿ ಬರೆದು ತನ್ನಿ, ಕೂತು ಓದೋಣ.